ನೆನೆಹಾಕಿದ್ದು

ಮುತ್ರಾದ ಮೀನುಪೇಟೆಯ ಹಿಂದೆ, ಮೂರನೇ ಗಲ್ಲಿ.
ಬೋರ್ಡಿನ ಎರಡಕ್ಷರ ಉಪ್ಪುಗಾಳಿ ತಿಂದಿದೆ.
ಇಪ್ಪತ್ತೆರಡು ವರ್ಷದಿಂದ
ಈ ಪೇಟೆಯ ಕೊಳೆಗೆ ನಾನೇ ಲೆಕ್ಕಿಗ.

ತೊಳೆಯುವ ಮೊದಲು ಜೇಬು ನೋಡಬೇಕು.
ಅದು ನಿಯಮ. ಮೊತಾಲೇಬನಿಗೂ ಮೊದಲ ದಿನವೇ ಹೇಳಿದ್ದು.
ಹಲ್ಲುಜ್ಜುವ ಕಡ್ಡಿ, ಲೋಬಾನದ ಹರಳು, ನೂರು ಬೈಸಾ,
ಆಸ್ಪತ್ರೆಯ ಚೀಟಿ, ಒಂಟಿ ಕಿವಿಯೋಲೆ,
ಯಾರಿಗೋ ಬರೆದು, ಕೊಡದೆ ಉಳಿದ ಒಂದು ಕ್ಷಮೆ.
ಅದನ್ನು ಓದಿ ಹೇಳಿದವರು ಉಸ್ತಾದ್ ಖಲ್ಫಾನ್.
ಓದಿ, ಮಡಿಸಿ, ‘ಇದು ಒದ್ದೆಯಾಗದಿರಲಿ’ ಅಂದಿದ್ದರು.
ಎಲ್ಲ ಬಿಸ್ಕೀಟಿನ ಡಬ್ಬಿಗೆ, ನಂಬರು ಬರೆದು.

ಉಸ್ತಾದರ ನಂಬರು ನಾನೂರ ಹದಿನೇಳು.
ಮೂವತ್ತು ವರ್ಷ ಹುಡುಗರಿಗೆ ತರ್ಕ ಕಲಿಸಿದವರಿಗೆ
ನಿವೃತ್ತಿಯ ಮೇಲೆ ಸಿಕ್ಕಿದ್ದು ನಾನೊಬ್ಬನೇ.
‘ಶೀನಾ, ನಿನ್ನ ಹೆಸರು ನಮ್ಮ ಲಿಪಿಯಲ್ಲೊಂದು ಅಕ್ಷರ’ ಅನ್ನುತ್ತ,
ಇಸ್ತ್ರಿಯ ಹಬೆಗೆ ಮಂಜಾದ ಕನ್ನಡಕ ತೆಗೆಯದೆಯೇ,
‘ಕುತ್ತಿಗೆಪಟ್ಟಿ ಬದಲಿಸಿದೆ, ತೋಳು ಬದಲಿಸಿದೆ,
ಬೆನ್ನಿಗೆ ತೇಪೆ. ಹೇಳು, ಇದು ಅದೇ ಅಂಗಿಯೇ?’
‘ನಂಬರು ಅದೇ, ಉಸ್ತಾದ್.’
ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಸುಮ್ಮನಾದರು.

ಒಂದು ಆಗಸ್ಟು, ಕರೆಂಟು ಹೋದ ಮಧ್ಯಾಹ್ನ,
ಕಪ್ಪುಗುಡ್ಡಗಳು ಹೆಂಚಿನ ಹಾಗೆ ಕಾದಿದ್ದಾಗ
ಹೊಸ್ತಿಲಲ್ಲಿ ಕೂತು ಹೇಳಿದರು, ಅರ್ಧ ಹಿಂದಿಯಲ್ಲಿ:
ಇನ್ಸಾನ್ ಅನ್ನುವ ಮಾತು ಎಲ್ಲಿಂದ ಬಂತೆಂದು
ನಮ್ಮ ಪಂಡಿತರಿಗೇ ಜಗಳ.
ಕೆಲವರು ಅಂತಾರೆ, ಒಡನಾಟದಿಂದ.
ಕೆಲವರು, ಮರೆವಿನಿಂದ.
ಮರೆಯುವವನೇ ಮನುಷ್ಯ.
ನಾನು ಡಬ್ಬಿ ಕುಲುಕಿದೆ:
ಎರಡನೆಯವರೇ ಸರಿ, ಸಾಕ್ಷಿ ಇಲ್ಲಿದೆ.

‘ನಿಮ್ಮಲ್ಲಿ?’

ನಮ್ಮಲ್ಲೇನು. ನಾನು ಓದಿದ್ದು ಏಳನೆಯವರೆಗೆ.
ಜೇಬು ನಿಮ್ಮದು, ಖಾಲಿ ನಿಮ್ಮದು, ಸಾಬೂನೂ ನಿಮ್ಮದೇ,
ಯಾವ ಕಾಲದಲ್ಲೋ ನಮ್ಮ ಬಾಯಿಗೆ ಬಂದು ಸೇರಿದ್ದು.
ಆದರೆ ಬೋಗುಣಿಯಲ್ಲಿ ಮುಳುಗಿದ್ದ ಕೈ ತಾನಾಗಿ ಹೇಳಿತು:
ಬಟ್ಟೆ ನೆನೆಯುತ್ತದೆ.
ತೀರಿಹೋದ ಅಕ್ಕನನ್ನು ನಾವು ನೆನೆಯುತ್ತೇವೆ.
ಮಾತು ಒಂದೇ.

‘ನೀರು ಒಳಗೆ ಹೋಗುವುದಕ್ಕೂ
ಅಕ್ಕ ಒಳಗೆ ಬರುವುದಕ್ಕೂ?’

ಹೌದು ಉಸ್ತಾದ್. ಎರಡಕ್ಕೂ ಹೊತ್ತು ಬೇಕು.
ಹಟದ ಕಲೆಗಾದರೆ ರಾತ್ರಿಯಿಡೀ.

ರಸೀದಿಯ ಹಿಂದೆ ಬರೆದುಕೊಂಡರು, ಅಕ್ಷರ ಬಿಡಿಸಿ:
ನೂನ್. ನೂನ್.
ಎರಡು ಬೋಗುಣಿ, ಮೇಲೆ ಒಂದೊಂದು ಹನಿ.
ಓದು ಬಾರದ ನನಗೂ ಓದಲು ಬಂತು.

ಮೂರು ವರ್ಷದ ಮೇಲೆ ಒಂದು ಸಂಜೆ
ಮೈಮೇಲಿದ್ದ ಅಂಗಿಯನ್ನೇ ಕೊಡೆಂದು ಬಂದರು.
ಹುಡುಕಿದೆ, ಹುಡುಕುವ ಹಾಗೆ.
ಮರುವಾರ ನನ್ನ ಹೆಸರು ಹೋಯಿತು, ಅವರದೇ ಲಿಪಿಯ ಅಕ್ಷರ.
ಆಮೇಲೆ ಗಲ್ಲಿ. ಆಮೇಲೆ ಹೆಂಡತಿ ಸತ್ತದ್ದು;
ದಿನಾ ಅವಳಿಗೆಂದು ಮೀನು ಕೊಂಡರು.
ಮೊತಾಲೇಬ ಕೇಳಿದ, ಇಸ್ತ್ರಿ ನಿಲ್ಲಿಸಿ:
ಇಷ್ಟೆಲ್ಲ ಹೋದ ಮೇಲೂ ಅವರು ಅವರೇನಾ ಭಾಯಿ?
ನಂಬರು ಅದೇ, ಅನ್ನಲು ಹೊರಟೆ.
ಬಾಯಿ ಒಣಗಿತ್ತು.

ಆದರೂ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದರು.
ಬಿದ್ದ ಗುಂಡಿ ಹೆಕ್ಕಿ ಹೋಗುವವರಿಗೆಲ್ಲ ತೋರಿಸಿ,
‘ಇದು ಯಾರದು?’
ಉತ್ತರಗಳೇ ಮೊದಲು ಹೋಗುವವೋ ಏನೋ.
ಪ್ರಶ್ನೆಗೆ ಬಣ್ಣ ಗಟ್ಟಿ.

ನಿನ್ನೆ ಗಂಟು ತಂದವಳು ಮಗಳು, ಒಬ್ಬಳೇ.
ನಾನು ಏನೂ ಕೇಳಲಿಲ್ಲ.
ಜೇಬು ನೋಡಿದೆ. ನಿಯಮ.
ಮಡಿಕೆಯಲ್ಲಿ ಹರಿದ ರಸೀದಿ,
ಎರಡು ಬೋಗುಣಿ, ಎರಡು ಹನಿ.
‘ಮನೆತುಂಬ ಇದನ್ನೇ ಬರೆದಿದ್ದಾರೆ, ಗೋಡೆಯ ಮೇಲೂ.
ಇಂಥ ಶಬ್ದವೇ ಇಲ್ಲವಲ್ಲ. ಏನಿದು?’

ನನ್ನ ಅರಬ್ಬಿ ಅಂಗಡಿಯ ಅರಬ್ಬಿ:
ಇಷ್ಟು ಬೈಸಾ, ಗಂಜಿ ಬೇಕೇ ಬೇಡವೇ, ನಾಳೆ ಬನ್ನಿ.

ನಾಳೆ ಬನ್ನಿ, ಅಂದೆ.
ಉಳಿದದ್ದು ಕನ್ನಡದಲ್ಲೇ ಬಾಯಿಂದ ಬಂತು:
ಇನ್ನೂ ನೆನೆಯುತ್ತಿದೆ.